ಎಲೆ ತೆಗೆದುಕೊಂಡವರು

ಪ್ರಶ್ನೆ ಕೇಳಿದ ಸೆಲ್ವಿ ಕೂತುಬಿಟ್ಟಿದ್ದಳು. ಪಾಠ ಮಾಡುವ ವೇಣು ಮಾತ್ರ ಕೈಯಲ್ಲಿ ಮಾರ್ಕರ್ ಹಿಡಿದು ಬೋರ್ಡಿನ ಪಕ್ಕ ಇನ್ನೂ ನಿಂತೇ ಇದ್ದ. ಹೊಸೂರಿನ ಆ ಖಾಸಗಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತ ಹೇಳುತ್ತ ಅವನ ತಲೆ ಅರ್ಧ ನರೆತಿತ್ತು. ಇಷ್ಟು ಕಾಲದಲ್ಲಿ ಹುಡುಗರು ಕೇಳಿದ ಪ್ರಶ್ನೆಗಳನ್ನೆಲ್ಲ ಗುಡ್ಡೆ ಹಾಕಿದರೆ ಉಳಿಯುವುದು ಒಂದೇ, ಇದು ಪರೀಕ್ಷೆಗೆ ಬರುತ್ತಾ ಸಾರ್. ಸೆಲ್ವಿ ಅಂಚೆಟ್ಟಿ ಕಡೆಯವಳು. ತರಗತಿಯಲ್ಲಿ ಎಲ್ಲರ ಜತೆ ತಮಿಳು, ವೇಣುವಿನ ಹತ್ತಿರ ಮಾತ್ರ ಮನೆಯ ಕನ್ನಡ. ‘ಸಾರ್, ನ್ಯೂಸಲ್ಲಿ ಸರ್ವದೇಶ ಸಮೂಗಂ ಅಂತಾರಲ್ಲ, ಅಂತರರಾಷ್ಟ್ರೀಯ ಸಮುದಾಯ, ಅದು ಖಂಡಿಸ್ತು, ಇದು ಒಪ್ತು ಅಂತ. ಅದ್ರೊಳಗೆ ನಾವೂ ಇದ್ದೀವಾ?’ ಎಂದು ಕೇಳಿದ್ದಳು. ವೇಣು ಬೋರ್ಡಿಗೆ ತಿರುಗಿ ರಾಷ್ಟ್ರಗಳು ಎಂದು ಬರೆದ. ವಿಶ್ವಸಂಸ್ಥೆ, ಒಪ್ಪಂದಗಳು, ಲೋಕಾಭಿಪ್ರಾಯ ಎಂದೂ ಬರೆದ. ಬರೆದದ್ದು ಸರಿಯಾಗಿಯೇ ಇತ್ತು, ಪುಸ್ತಕದಲ್ಲೂ ಹಾಗೇ ಇದೆ. ಸೆಲ್ವಿ ಕೂತಲ್ಲಿಂದಲೇ, ‘ಅಲ್ಲ ಸಾರ್, ಖಂಡಿಸೋಕ್ಕೆ ಮುಂಚೆ ಯಾರ್ಯಾರನ್ನ ಕೇಳಿದ್ರು? ನಮ್ಮಪ್ಪನ್ನಂತೂ ಯಾರೂ ಕೇಳ್ಲಿಲ್ಲ’ ಅಂದಳು. ತರಗತಿ ಗೊಳ್ಳೆಂದಿತು. ವೇಣುವೂ ನಕ್ಕ. ನಗುವುದಕ್ಕೆ ಬಾಯಿ ತೆರೆದಾಗ ಮೂರು ವಾರದ ಹಿಂದೆ ಅಗಿದು ಉಗುಳಿದ ವೀಳ್ಯದೆಲೆಯ ಒಗರು ನಾಲಿಗೆಯ ಬುಡದಲ್ಲಿ ಬಂದು ಕೂತಿತು. ಒಳ್ಳೆಯ ಪ್ರಶ್ನೆ, ಸೋಮವಾರ ನೋಡೋಣ ಅಂದ. ಮೇಷ್ಟರುಗಳು ಸೋಲನ್ನು ಮುಂದೂಡುವುದು ಹೀಗೆಯೇ.

ಸ್ಟಾಫ್ ರೂಮಿನಲ್ಲಿ ಬಾಯಿ ಮುಕ್ಕಳಿಸಿದರೂ ಒಗರು ಹೋಗಲಿಲ್ಲ. ಮೂರು ವಾರದ ಹಿಂದಿನ ಆ ಸಂಜೆ ಊರಿನ ಅರಳಿಕಟ್ಟೆಯ ಮುಂದೆ ಅವನು ಕೊನೆಯ ಸಾಲಿನಲ್ಲಿ, ತಮ್ಮ ಮುನೀಶನ ಪಕ್ಕ ಕೂತಿದ್ದ. ಜವಳಗಿರಿ ದಾಟಿ ಕಾಡಿನಂಚಿಗಿರುವ ಅವರ ಊರಲ್ಲಿ ನ್ಯಾಯ ಮುಗಿದ ಮೇಲೆ ಎಲೆ ಅಡಿಕೆಯ ತಟ್ಟೆ ಸುತ್ತು ಬರುತ್ತದೆ. ಎಲೆ ತೆಗೆದುಕೊಂಡವನು ತೀರ್ಮಾನಕ್ಕೆ ಒಪ್ಪಿದ ಹಾಗೆ. ಒಪ್ಪದವನು ತಟ್ಟೆ ಮುಂದಕ್ಕೆ ತಳ್ಳಿ, ಎದ್ದು ನಿಂತು, ಯಾಕೆ ಎಂದು ಹೇಳಬೇಕು. ಅಂಥವನನ್ನು ವೇಣು ತನ್ನ ಆಯುಷ್ಯದಲ್ಲಿ ನೋಡಿರಲಿಲ್ಲ. ತಟ್ಟೆ ಅವನ ಮುಂದೆ ಬಂದಾಗ ಅವನು ಮೊಬೈಲಿನಲ್ಲಿ ಮುಳುಗಿದ್ದ. ಎಲ್ಲೋ ಒಂದು ಪಟ್ಟಣದ ಮೇಲೆ ಬಾಂಬು ಬಿದ್ದು, ಆಸ್ಪತ್ರೆಯ ಗೋಡೆ ಕುಸಿದು, ಅಂತರರಾಷ್ಟ್ರೀಯ ಸಮುದಾಯ ತೀವ್ರ ಕಳವಳ ವ್ಯಕ್ತಪಡಿಸಿತ್ತು. ಕಳವಳವಂತೆ ಕಳವಳ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತ, ತಲೆಯೆತ್ತದೆ, ಕೈ ಚಾಚಿ ಎರಡು ಎಲೆ ಎತ್ತಿಕೊಂಡ. ಮುನೀಶ ಸುಣ್ಣ ಕೊಟ್ಟ. ಅಗಿದ. ‘ಊರೆಲ್ಲ ಒಪ್ಪೈತೆ, ಇನ್ನು ಅವಳ ಜತೆ ಕೊಡಾದು ತಗಳ್ಳಾದು ಇಲ್ಲ’ ಎಂದು ಊರಿಗೆ ದೊಡ್ಡವನಾದ ಮುತ್ತರಾಯಪ್ಪ ಮಾವ ವಿಧವೆ ಅಂಜಿನಮ್ಮನ ವಿಷಯವಾಗಿ ಹೇಳಿದ್ದು ಆಮೇಲೆ ಕಿವಿಗೆ ಬಿತ್ತು. ಮತ್ತಿಗಿರಿಯ ಮನೆಗೆ ಮರಳಿದಾಗ ಹೆಂಡತಿ ಸಹನಾ ಅವನ ಬಾಯಿ ನೋಡಿ, ‘ಏನ್ರೀ, ಯಾರದಾದ್ರೂ ಮದುವೆ ಇತ್ತಾ?’ ಎಂದು ನಕ್ಕಿದ್ದಳು. ತಟ್ಟೆಯ ಅರ್ಥ ತನಗೆ ಮರೆತುಹೋಗಿತ್ತು, ಹೊರಗಿದ್ದು ಹೊರಗಿದ್ದು ಅದು ಬರೀ ಉಪಚಾರ ಅನ್ನಿಸಿತ್ತು ಎಂದು ಅವಳಿಗೆ ವಿವರಿಸಿದ. ಆ ಊರಲ್ಲೇ ಹುಟ್ಟಿ, ಆ ಕಟ್ಟೆಯ ಮೇಲೆ ಗೋಲಿ ಆಡಿದವನು ಹೇಳುವ ಮಾತೇ ಅದು? ಮರೆತಿರಲಿಲ್ಲ. ತಲೆಯೆತ್ತಿದರೆ ಯಾರದಾದರೂ ಮುಖ ನೋಡಬೇಕಾಗುತ್ತದೆ ಎಂದು ತಲೆ ತಗ್ಗಿಸಿಯೇ ಇದ್ದ, ಅಷ್ಟೆ. ಇದನ್ನು ಅವನು ಸಹನಾಳಿಗೆ ಹೇಳಲಿಲ್ಲ.

ಶನಿವಾರದ ತರಗತಿ ಮುಗಿಸಿ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಬಂದವನು ಹೂವಿನ ಅಂಗಡಿಯಲ್ಲಿ ಎರಡು ವೀಳ್ಯದೆಲೆ ಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಎರಡೇ ಎಲೆಗೆ ಬಂದ ಗಿರಾಕಿಯನ್ನು ಅಂಗಡಿಯವಳು ತಲೆಯಿಂದ ಕಾಲಿನವರೆಗೆ ನೋಡಿದಳು. ತಳಿ ಮೇಲೆ ಜವಳಗಿರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಮತ್ತಿಗಿರಿಯಲ್ಲಿ ಬಸ್ಸು ನಿಂತಾಗ ಕಾರ್ಖಾನೆ ಮುಗಿಸಿದವರು ಇಳಿದರು, ಅವನ ಮನೆಗೆ ಹೋಗುವ ರಸ್ತೆ ಕಿಟಕಿಯಲ್ಲೇ ಕಂಡಿತು, ಇಳಿಯುವುದಾದರೆ ಈಗಲೂ ಇಳಿಯಬಹುದಿತ್ತು. ಕಂಡಕ್ಟರು ಸೀಟಿ ಊದಿದ. ನಿನ್ನೆ ಮುನೀಶ ಫೋನಿನಲ್ಲಿ, ಬೇರೆ ಏನೋ ಹೇಳುತ್ತಿದ್ದವನು ನಡುವೆ, ‘ಅಂಜಿನಮ್ಮ ಹಸ ಮಾರ್ಬುಟ್ಟು ತಂಗಿ ಊರಿಗೆ ಹೋಯ್ತಾಳಂತೆ, ಸೋಮವಾರ ದಲ್ಲಾಳಿ ಬತ್ತಾನೆ’ ಅಂದಿದ್ದ. ಅಂದು, ಮತ್ತೆ ಬೇರೆ ಏನೋ ಹೇಳಿದ್ದ. ನಡುವೆ ತೂರಿಬಂದ ಆ ಮಾತು ರಾತ್ರಿಯೆಲ್ಲ ವೇಣುವನ್ನು ಬಿಟ್ಟಿರಲಿಲ್ಲ. ಊರಿನ ಹಾಲಿನ ಡೈರಿ ನಡೆಸುವವನು ಮುನೀಶನೇ. ಅಂಜಿನಮ್ಮನ ಹಾಲು ಬೇಡ ಎಂದು ದಿನಾ ಎರಡು ಹೊತ್ತು ಹೇಳಬೇಕಾದವನೂ ಅವನೇ.

ಅವಳು ಮಾಡಿದ್ದಾದರೂ ಏನು? ಆನೆ ರಾಗಿಗೆ ನುಗ್ಗದಿರಲೆಂದು ಮುತ್ತರಾಯಪ್ಪ ಮಾವ ತನ್ನ ಹೊಲದ ಬೇಲಿಗೆ ಮನೆಯ ಕರೆಂಟನ್ನೇ ಎಳೆದಿದ್ದ. ಮೊದಲು ಅದಕ್ಕೆ ತಗುಲಿ ಸತ್ತದ್ದು ಅಂಜಿನಮ್ಮನ ಕಡಸು. ಊರು ಅಯ್ಯೋ ಪಾಪ ಅಂದಿತು, ಗುಂಡಿ ತೋಡಲು ಕೈ ಜೋಡಿಸಿತು, ತಂತಿಯ ಮಾತು ಎತ್ತಲಿಲ್ಲ. ಆಮೇಲೆ ಒಂದು ಹೆಣ್ಣಾನೆ ಸತ್ತಿತು. ಅರಣ್ಯದವರು ಬರುವಷ್ಟರಲ್ಲಿ ತಂತಿ ಮಾಯವಾಗಿತ್ತು. ಸಾಹೇಬರು ಊರವರನ್ನೆಲ್ಲ ಸಾಲಾಗಿ ನಿಲ್ಲಿಸಿ ತಂತಿ ಯಾರದು ಎಂದು ತಮಿಳಿನಲ್ಲಿ ಒಬ್ಬೊಬ್ಬರನ್ನೇ ಕೇಳಿದರೆ, ಒಬ್ಬೊಬ್ಬರೂ ತೆರಿಯಾದು, ಗೊತ್ತಿಲ್ಲ, ತೆಲೀದು ಎಂದು ತಮಗೆ ಬಂದ ಭಾಷೆಯಲ್ಲಿ ಒಂದೇ ಉತ್ತರ ಕೊಟ್ಟರು. ಅಂಜಿನಮ್ಮನ ಸರದಿ ಬಂದಾಗ ಅವಳು ಕೈಯೆತ್ತಿ ಮುತ್ತರಾಯಪ್ಪನನ್ನು ತೋರಿಸಿದಳು. ಅಷ್ಟೇ. ಮಾವನನ್ನು ಕರೆದೊಯ್ದರು, ಜಾಮೀನಿನ ಮೇಲೆ ಬಂದ, ಕಟ್ಟೆಯ ಮುಂದೆ ಊರು ಸೇರಿತು. ದೇಶದೇಶಗಳ ಸಭೆಯಲ್ಲೂ ಹೀಗೇ ಅಲ್ಲವೇ ಎಂದು ವೇಣು ಯೋಚಿಸಿದ. ಒಬ್ಬ ಗೋಧಿ ಕೊಡುವವನ ಮುಖ ನೋಡಿ ಕೈ ಎತ್ತುತ್ತಾನೆ, ಒಬ್ಬ ಪಕ್ಕದವನು ಎತ್ತಿದ ಎಂದು ಎತ್ತುತ್ತಾನೆ, ಒಬ್ಬ ಆ ಹೊತ್ತಿಗೆ ಸರಿಯಾಗಿ ಹೊರಗೆ ಕಾಫಿಗೆ ಹೋಗಿರುತ್ತಾನೆ. ಬೆಳಗಾದರೆ ಪೇಪರಿನಲ್ಲಿ ಇಡೀ ಲೋಕ ಒಕ್ಕೊರಲಿನಿಂದ ಎಂದು ಬರುತ್ತದೆ. ಲಕ್ಷ್ಮೀದೇವಮ್ಮ ಎಲೆ ತೆಗೆದುಕೊಂಡದ್ದು ಅವಳ ಮಗ ಮಾವನ ಟ್ರ್ಯಾಕ್ಟರ್ ಓಡಿಸುತ್ತಾನೆ ಎಂದು. ಮುನೀಶ ತೆಗೆದುಕೊಂಡದ್ದು ಡೈರಿಯ ಕಟ್ಟಡ ಮಾವನ ಜಾಗದಲ್ಲಿದೆ ಎಂದು. ರಾಜ್ಯಶಾಸ್ತ್ರ ಓದಿದ ತಾನು, ಯಾವ ಹಂಗೂ ಇಲ್ಲದ ತಾನು, ದೂರದ ಪಟ್ಟಣಕ್ಕಾಗಿ ಹಲ್ಲು ಕಡಿಯುತ್ತ ತೆಗೆದುಕೊಂಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಹಾಗೆಂದು ಊರು ಎಂಬುದು ಬರೀ ಸುಳ್ಳು ಎನ್ನುವಂತೆಯೂ ಇರಲಿಲ್ಲ. ಅಂಜಿನಮ್ಮನ ಗಂಡ ಮುನಿಯಪ್ಪ ಸತ್ತ ದಿನ ಸುರಿಯುವ ಮಳೆಯಲ್ಲಿ ಹೆಗಲು ಕೊಡಲು ನಾ ಮುಂದು ತಾ ಮುಂದು ಎಂದು ಬಂದದ್ದೂ ಇದೇ ಜನ, ಮುತ್ತರಾಯಪ್ಪ ಮಾವನೂ ಒಂದು ಹೆಗಲು. ಆವತ್ತು ಊರು ಇತ್ತು, ಕಣ್ಣಿಗೆ ಕಾಣುತ್ತಿತ್ತು. ಸೆಲ್ವಿಗೆ ಇದನ್ನೆಲ್ಲ ಹೇಳುವುದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಜವಳಗಿರಿ ಬಂತು, ಇಳಿದು ನಡೆಯತೊಡಗಿದ.

ಅಂಜಿನಮ್ಮ ಆಗಷ್ಟೇ ಹಾಲು ಕರೆದು ಮುಗಿಸಿದ್ದಳು. ಕೊಟ್ಟಿಗೆಯ ಬಾಗಿಲಲ್ಲಿ ಅವನನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡಳೇ ಹೊರತು ಬಾ ಎನ್ನಲಿಲ್ಲ. ಒಂದು ಕಾಲದಲ್ಲಿ ಅವನು ಶಾಲೆಯಿಂದ ಬರುವಾಗ ಈ ಜಗಲಿಯ ಮೇಲೆ ಮಜ್ಜಿಗೆ ಕುಡಿದೇ ಮನೆಗೆ ಹೋಗುತ್ತಿದ್ದ. ಈಗ ಕೂರುವುದೋ ಬೇಡವೋ ತಿಳಿಯದೆ ಕಂಬ ಹಿಡಿದು ನಿಂತ.

‘ದಾರಿ ತಪ್ಪಿ ಬಂದ್ಯಾ ವೇಣಪ್ಪ?’ ಅಂದಳು.

‘ಇಲ್ಲಕ್ಕ. ನಿನ್ ತಾವ್ಕೇ ಬಂದೆ.’

‘ಯಾರಾದ್ರೂ ನೋಡಿದ್ರೆ?’

‘ನೋಡ್ಲಿ.’

ಅವಳು ನಕ್ಕಳು. ಆ ನಗೆಯಲ್ಲಿ ಅವನಿಗೆ ಜಾಗ ಇರಲಿಲ್ಲ. ‘ನೀನೂ ಎಲೆ ತಗಂಡೋನೇ ಅಲ್ವಾ? ನಾನು ಮನೆ ಜಗ್ಲಿಯಿಂದ್ಲೇ ನೋಡ್ತಿದ್ದೆ ಕಣಪ್ಪ. ಬ್ಯಾರೆಯೋರು ತಗಂಡಾಗ ಏನೂ ಅನ್ನಿಸ್ಲಿಲ್ಲ. ನೀನು ತಟ್ಟೇಲಿ ಏನೈತೆ ಅಂತ ಕೂಡ ನೋಡ್ಲಿಲ್ಲ.’

ಬಯ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು, ಸಾಹೇಬರಿಗೆ ಹೇಳಿದ ಹಾಗೆಯೇ. ವೇಣುವಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು. ಕೊನೆಗೆ ಹಾಲಿನ ಕ್ಯಾನ್ ತೋರಿಸಿ, ‘ಇದನ್ನೇನ್ ಮಾಡ್ತೀಯ?’ ಎಂದು ಕೇಳಿದ.

‘ಜವಳಗಿರಿ ಹೋಟ್ಲಿಗೆ ಹೊತ್ಕಂಡು ಹೋಗ್ತಿದ್ದೆ. ಮೊನ್ನೆಯಿಂದ ಅವ್ರೂ ಬ್ಯಾಡ ಅಂದ್ಬುಟ್ರು. ಅಷ್ಟು ದೂರ ಹೋಗೈತೆ ನಮ್ಮೂರ ಮಾತು.’ ಹಸುವಿನ ಬೆನ್ನು ಸವರಿದಳು. ‘ಇನ್ನೇನು, ಸೋಮವಾರ ಇವಳೂ ಇರಲ್ಲ.’

‘ಕೊಡು. ಡೈರಿಗೆ ತಗಂಡೋಗ್ತೀನಿ.’

‘ನಿನ್ ತಮ್ಮನೇ ಬ್ಯಾಡ ಅಂದವ್ನೆ.’

‘ನಂಗೆ ಹೇಳ್ಲಿ. ನನ್ ಮುಖ ನೋಡ್ಕಂಡು ಹೇಳ್ಲಿ.’

ಅವಳು ಸುಮಾರು ಹೊತ್ತು ಅವನ ಪ್ಯಾಂಟು, ಇಸ್ತ್ರಿ ಅಂಗಿ, ಬೂಟು ನೋಡಿದಳು. ಆಮೇಲೆ ಕ್ಯಾನಿನ ಮುಚ್ಚಳ ಬಿಗಿದು ಅವನ ಮುಂದೆ ಇಟ್ಟಳು. ‘ಚೆಲ್ಬ್ಯಾಡ’ ಅಂದಳು.

ಕ್ಯಾನ್ ಅಂದುಕೊಂಡದ್ದಕ್ಕಿಂತ ಭಾರವಿತ್ತು, ಹಿಡಿ ಬೆರಳನ್ನು ಕತ್ತರಿಸುತ್ತಿತ್ತು. ಕೈ ಬದಲಿಸಿದ, ಮತ್ತೆ ಬದಲಿಸಿದ. ಬೀದಿಯ ಜಗಲಿಗಳ ಮೇಲಿದ್ದವರು ಮಾತು ನಿಲ್ಲಿಸಿದರು. ಹಾಲಿನ ಕ್ಯಾನಿಗೆ ಹೆಸರು ಬರೆದಿರುವುದಿಲ್ಲ, ಆದರೆ ಸೊಟ್ಟಗಾದ ಅದರ ತಳ ನೋಡಿ ಯಾರದೆಂದು ಹೇಳದವರು ಆ ಊರಲ್ಲಿ ಇಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಅಂಜಿನಮ್ಮನ ಚಪ್ಪಲಿಯ ಸದ್ದು ಬರುತ್ತಿತ್ತು. ಸಾವಿರ ಮಂದಿಯ ಮುಂದೆ ಭಾಷಣ ಮಾಡಿದವನಿಗೆ ಅರವತ್ತು ಮನೆಯ ಬೀದಿ ದಾಟುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಮುಚ್ಚಳದ ಸಂದಿನಿಂದ ಅಂಗಿಗೆ ಹಾಲು ತುಳುಕಿತು. ಈಗ ಯಾರಾದರೂ ಏನು ಮೇಷ್ಟ್ರೇ ಎಂದು ಕೇಳಿದರೆ ಏನೆನ್ನುವುದು? ಯಾರೂ ಕೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು. ಮೂರು ವಾರದಿಂದ ಅವಳು ನೀರಿಗೂ ಮೇವಿಗೂ ಹೀಗೇ ನಡೆದಿರಬೇಕು. ಅವನು ಕೈ ಬದಲಿಸುವುದನ್ನು ಬಿಟ್ಟು ಬಿಗಿಯಾಗಿ ಹಿಡಿದು ನಡೆದ.

ಡೈರಿಯ ಮುಂದೆ ಸಾಲು ನಿಂತಿತ್ತು. ಯಾರೂ ಕರೆಯದೆ, ಯಾರೂ ಡಂಗುರ ಹೊಡೆಯದೆ, ಊರು ದಿನಾ ಎರಡು ಹೊತ್ತು ಸೇರುವ ಜಾಗ ಅದು. ಪಕ್ಕದ ಕಲ್ಲುಬೆಂಚಿನ ಮೇಲೆ ಮುತ್ತರಾಯಪ್ಪ ಎಂದಿನಂತೆ ಕೂತಿದ್ದ. ಜಾಮೀನಿನ ಮೇಲೆ ಬಂದ ಮೇಲೆ ಅವನ ಮುಖ ಇಳಿದಿತ್ತು. ಅದನ್ನು ಕಂಡು ವೇಣುವಿಗೆ ಕನಿಕರವೂ ಆಯಿತು. ಅಂಜಿನಮ್ಮ ಹುಣಸೆಮರದ ಹತ್ತಿರವೇ ನಿಂತುಬಿಟ್ಟಳು. ವೇಣು ಸಾಲಿನ ಕೊನೆಗೆ ನಿಂತ, ಅವನ ಹಿಂದೆ ಲಕ್ಷ್ಮೀದೇವಮ್ಮ ಬಂದು ನಿಂತಳು. ಹಾಲಿನವರು ಒಬ್ಬೊಬ್ಬರಾಗಿ ಸರಿದು ಅವನ ಸರದಿ ಬಂತು. ಕ್ಯಾನನ್ನು ಡೈರಿಯ ಕಟ್ಟೆಯ ಮೇಲೆ ಎತ್ತಿ ಇಟ್ಟ. ಹಾಲಿನ ಡಿಗ್ರಿ ನೋಡುವ ಗಾಜಿನ ಕೊಳವೆ ಹಿಡಿದಿದ್ದ ಮುನೀಶ ಕ್ಯಾನ್ ನೋಡಿದ, ಅಣ್ಣನನ್ನು ನೋಡಲಿಲ್ಲ.

‘ಅಣ್ಣ, ಇದು ಬ್ಯಾಡ.’

‘ಯಾಕೆ, ನೀರು ಬೆರೆಸೈತಾ?’

‘ನಿಂಗೆ ಗೊತ್ತಲ್ಲ. ಊರು ತೀರ್ಮಾನ ಮಾಡೈತೆ.’

‘ಊರು ಅಂದ್ರೆ ಯಾರ್ಯಾರು? ಹೆಸರು ಹೇಳು ಮುನೀಶ.’

ಬೆಂಚಿನಿಂದ ಮುತ್ತರಾಯಪ್ಪ ಕೆಮ್ಮಿದ. ‘ಹೆಸರು ಬೇಕಾ ಮೇಷ್ಟ್ರಿಗೆ? ನಿನ್ನಿಂದ್ಲೇ ಶುರು ಮಾಡ್ಲಾ?’

ಇದು ಬರುತ್ತದೆಂದು ವೇಣುವಿಗೆ ಗೊತ್ತಿತ್ತು. ಆದರೂ ಸಾಲಿನಲ್ಲಿ ಯಾರೋ ಕಿಸಕ್ಕೆಂದಾಗ ಮೈ ಜುಮ್ಮೆಂದಿತು. ಜೇಬಿನಿಂದ ಎಲೆ ತೆಗೆದ. ಬಸ್ಸಿನ ಸೆಕೆಗೆ ಬಾಡಿ ಮುದುಡಿ ಹೋಗಿದ್ದವು. ಅಂಗೈಯಲ್ಲಿ ಬಿಡಿಸಿ ಬೆಂಚಿನ ಮೇಲೆ ಮಾವನ ಪಕ್ಕ ಇಟ್ಟ. ‘ಶುರು ಮಾಡಿ ಮಾವ. ನಾನು ತಗಂಡಿದ್ದು ತಪ್ಪು. ತಗಂಡಷ್ಟೇ ವಾಪಸ್ ಇಟ್ಟಿದ್ದೀನಿ. ಇನ್ಮೇಲೆ ಊರೆಲ್ಲ ಅನ್ಬ್ಯಾಡಿ. ನನ್ನ ಬಿಟ್ಟು ಎಣಿಸಿ.’

‘ಎತ್ತಿದ ಎಲೆ ವಾಪಸ್ ಇಡಾ ಪದ್ಧತಿ ಇಲ್ಲ ನಮ್ಮಲ್ಲಿ.’

‘ಇವತ್ತಿಂದ ಐತೆ.’

ಮುತ್ತರಾಯಪ್ಪ ಎಲೆಗಳನ್ನು ಮುಟ್ಟಲೂ ಇಲ್ಲ, ತಳ್ಳಲೂ ಇಲ್ಲ. ಮುನೀಶ ಕಟ್ಟೆಯ ಮೇಲಿಂದ ಬಗ್ಗಿ, ಗಂಟಲು ತಗ್ಗಿಸಿ, ‘ಅಣ್ಣ, ನೀನು ನಾಳೆ ಮತ್ತಿಗಿರಿಗೆ ಹೋಗ್ಬುಡ್ತೀಯ. ನಾನು ಇಲ್ಲೇ ಬದುಕ್ಬೇಕು’ ಅಂದ. ಅವನ ಕಣ್ಣು ಒದ್ದೆಯಾಗಿತ್ತು. ದೂರದಲ್ಲಿದ್ದುಕೊಂಡು ಖಂಡಿಸುವುದು, ಬಂದು ಖಂಡಿಸಿ ಹೊರಟುಹೋಗುವುದು, ಎರಡೂ ಒಂದೇ. ‘ಹೋಗಲ್ಲ’ ಅಂದ ವೇಣು. ‘ನಾಳೆ ಎರಡು ಹೊತ್ತೂ ಇಲ್ಲೇ ಸಾಲಲ್ಲಿ ನಿಂತಿರ್ತೀನಿ. ವಾರ ವಾರ ಬತ್ತೀನಿ.’ ಹೇಳಿದ ಮೇಲೆ, ಸಹನಾಳಿಗೆ ಫೋನು ಮಾಡಬೇಕು ಅನ್ನಿಸಿತು.

‘ಲೇ ಮುನೀಶ, ಏನಾರ ಒಂದು ಬೇಗ ಮಾಡ್ಲಾ. ಈ ಸೆಕೇಲಿ ನನ್ ಹಾಲು ಒಡೆದೋದ್ರೆ ನಿಮ್ ಊರು ಬಂದು ಕಟ್ಕೊಡ್ತೈತಾ?’ ಹಿಂದಿನಿಂದ ಲಕ್ಷ್ಮೀದೇವಮ್ಮ ರೇಗಿದಳು. ಅವಳಿಗೆ ಅಂಜಿನಮ್ಮನ ಮೇಲೆ ಪ್ರೀತಿ ಏನಿರಲಿಲ್ಲ, ಕಾಲು ನೋಯುತ್ತಿತ್ತು. ಅವಳ ಹಿಂದಿನವರೂ ಗೊಣಗತೊಡಗಿದರು. ಮುನೀಶ ಮಾವನ ಕಡೆ ನೋಡಿದ, ಸಾಲಿನ ಕಡೆ ನೋಡಿದ, ಮುಖ ಒರೆಸಿಕೊಂಡ.

‘ಒಂದ್ ಕೆಲ್ಸ ಮಾಡಾನ. ಹಾಲು ಅಳ್ಕಂತೀನಿ. ನಿನ್ ಹೆಸ್ರಿಗೆ ಬರ್ಕಂತೀನಿ. ದಿನಾ ಯಾರಾದ್ರೂ ತಂದಿಟ್ಟೋದ್ರೆ ಸಾಕು, ಅವಳು ಬರಾದು ಬ್ಯಾಡ. ಮಾವನ ಮಾತೂ ಉಳೀತದೆ, ಹಾಲೂ ಕೆಡಲ್ಲ.’

ಸಾಲೆಲ್ಲ ಉಸಿರು ಬಿಟ್ಟ ಹಾಗಾಯಿತು. ಮುತ್ತರಾಯಪ್ಪನೂ ಬೇಡ ಎನ್ನಲಿಲ್ಲ. ವೇಣುವಿಗೇ ಒಳಗೆ ಏನೋ ಸಡಿಲವಾಗಿ, ಬೆನ್ನಿನ ಬೆವರು ತಣ್ಣಗಾಗಿ, ಆಗಲಿ ಎನ್ನುವ ಮಾತು ತುಟಿಯವರೆಗೆ ಬಂತು. ಇಂಥ ರಾಜಿ ಸೂತ್ರಗಳನ್ನು ಅವನು ವರ್ಷ ವರ್ಷ ಹುಡುಗರಿಗೆ ಹೇಳಿಕೊಟ್ಟಿದ್ದಾನೆ, ಇವನ್ನು ಕಂಡುಹಿಡಿದವರ ಜಾಣತನ ಹೊಗಳಿದ್ದಾನೆ. ಎಲ್ಲರ ಮಾನ ಉಳಿಯುತ್ತದೆ, ಹಸು ಉಳಿಯುತ್ತದೆ, ದಲ್ಲಾಳಿಗೆ ಬರಬೇಡ ಎನ್ನಬಹುದು, ಕತ್ತಲಾಗುವ ಮುಂಚೆ ಕೊನೆಯ ಬಸ್ಸೂ ಸಿಗುತ್ತದೆ. ಕ್ಯಾನಿನ ಸೊಟ್ಟ ತಳ ಕಟ್ಟೆಯ ಮೇಲೆ ಒಂದು ಕಡೆಗೆ ವಾಲಿತ್ತು. ಅದನ್ನು ನೋಡುತ್ತ ನಿಂತವನಿಗೆ ಬೆಳಗ್ಗೆಯ ಹುಡುಗಿಯ ದನಿ ಕೇಳಿಸಿತು, ನಮ್ಮಪ್ಪನ್ನಂತೂ ಯಾರೂ ಕೇಳ್ಲಿಲ್ಲ. ಬೇಡ ಎಂದಾಗ ಅವಳನ್ನು ಕೇಳಲಿಲ್ಲ. ಬೇಕು ಎನ್ನುವಾಗಲೂ ಕೇಳುತ್ತಿಲ್ಲ. ಕೇಳದೆ ಅವಳ ಪರವಾಗಿ ತಾನು ಒಪ್ಪಿದರೂ ಅದು ಇನ್ನೊಂದು ಎಲೆ ಎತ್ತಿಕೊಂಡ ಹಾಗೆಯೇ, ಒಪ್ಪದಿದ್ದರೂ ಹಾಗೆಯೇ. ಅವನು ಹುಣಸೆಮರದ ಕಡೆಗೆ ತಿರುಗಿದ.

‘ಅಂಜಿನಮ್ಮಕ್ಕಾ!’ ಮೂರು ವಾರದಿಂದ ಅವಳು, ಅವಳಂತೆ ಎಂದೇ ಆಗಿಹೋಗಿದ್ದ ಊರಲ್ಲಿ ಆ ಹೆಸರು ಜೋರಾಗಿ ಕೇಳಿಸಿ ಒಂದಿಬ್ಬರು ಬೆಚ್ಚಿದರು. ‘ಹಾಲು ನನ್ ಹೆಸ್ರಿಗೆ ಬರ್ಕಂತೀನಿ ಅಂತವ್ನೆ. ನೀನು ಬರಾದು ಬ್ಯಾಡ್ವಂತೆ. ನಾನು ಹೂಂ ಅಂದಿಲ್ಲ, ಊಹೂಂ ಅಂತಾನೂ ಅಂದಿಲ್ಲ. ನೀನೇ ಬಂದು ಹೇಳು.’

ಅವಳು ಒಂದು ಗಳಿಗೆ ಅಲ್ಲಾಡಲಿಲ್ಲ. ಬರುವುದಿಲ್ಲ, ತಿರುಗಿ ಮನೆಗೆ ಹೋಗಿಬಿಡುತ್ತಾಳೆ ಎಂದೇ ವೇಣು ಅಂದುಕೊಂಡ. ಆಮೇಲೆ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಅವಸರವೂ ಇಲ್ಲ, ಹಿಂಜರಿಕೆಯೂ ಇಲ್ಲ, ದಿನಾ ಬರುತ್ತಿದ್ದ ಹಾಗೆಯೇ ಬಂದಳು. ಸಾಲು ಅವಳಿಗೆ ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ಎಲ್ಲರೂ ಇನ್ನೊಬ್ಬರು ಏನು ಮಾಡುತ್ತಾರೆಂದು ನೋಡುತ್ತಿದ್ದರು. ಅವಳು ಕಟ್ಟೆಯ ಹತ್ತಿರ ಬಂದಾಗ ಲಕ್ಷ್ಮೀದೇವಮ್ಮ, ಬೇರೆ ಕಡೆ ನೋಡುತ್ತಲೇ, ತನ್ನ ಕ್ಯಾನನ್ನು ಕಾಲಿನಿಂದ ಒಂದಿಷ್ಟು ಹಿಂದಕ್ಕೆ ಸರಿಸಿದಳು. ಅಷ್ಟು ಜಾಗದಲ್ಲಿ ಅಂಜಿನಮ್ಮ ನಿಂತಳು. ವೇಣು ಪಕ್ಕಕ್ಕೆ ಸರಿದು ನಿಂತ.

ಅವಳು ಮುತ್ತರಾಯಪ್ಪನ ಕಡೆ ತಿರುಗಲಿಲ್ಲ. ಬೆಂಚಿನ ಮೇಲಿನ ಬಾಡಿದ ಎಲೆಗಳನ್ನು ಒಮ್ಮೆ ನೋಡಿ, ಕ್ಯಾನಿನ ಮುಚ್ಚಳ ತಾನೇ ತೆಗೆದಳು.

‘ಅಂಜಿನಮ್ಮ ಅಂತ ಬರಿ ಮುನೀಶಪ್ಪ’ ಅಂದಳು. ‘ಬೆಳಗ್ಗೆ ಹಾಲಿಗೂ ನಾನೇ ಬತ್ತೀನಿ.’